ಮೂರು ಹೆಂಚು, ಎರಡು ಗೋಪುರ

ಮೈಸೂರಿಗೆ ಬಂದವರು ಮೊದಲು ಅರಮನೆ ನೋಡುತ್ತಾರೆ. ಆಮೇಲೆ ಮೃಗಾಲಯ, ಸಂಜೆಗೆ ಬೃಂದಾವನ, ಮಾರನೆಯ ದಿನ ಚಾಮುಂಡಿ ಬೆಟ್ಟ. ಬಸ್ಸಿಗೋ ರೈಲಿಗೋ ಇನ್ನೊಂದು ಗಂಟೆ ಇದೆ ಎಂದರೆ ಆಟೋದವರೇ ಕೇಳುತ್ತಾರೆ, “ಚರ್ಚ್ ನೋಡ್ಕೊಂಡು ಹೋಗೋಣ್ವಾ ಸಾರ್?” ಹೀಗೆ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೆ ಸಿಗುವುದು ಹೆಚ್ಚಾಗಿ ಪ್ರವಾಸದ ಉಳಿಕೆ ಗಂಟೆ. ಅದರಲ್ಲೂ ಅರ್ಧ ಗಂಟೆ ಗೋಪುರಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದರಲ್ಲೇ ಮುಗಿದುಹೋಗುತ್ತದೆ.

ನಾನು ಮೈಸೂರಿನವನು. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಲೆಡ್ಜರುಗಳ ನಡುವೆಯೇ ತಲೆ ನೆರೆಸಿಕೊಂಡು ನಿವೃತ್ತನಾದವನು. ಹಾಗಾಗಿ ಯಾವ ಕಟ್ಟಡ ನೋಡಿದರೂ ‘ಇದಕ್ಕೆ ಕೊಟ್ಟವರು ಯಾರು, ಪಡೆದವರು ಯಾರು’ ಎಂದು ಹುಡುಕುವ ಚಾಳಿ. ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ಬಂದಿದ್ದಳು. ಆರನೇ ತರಗತಿ ಮುಗಿಸಿ ಏಳಕ್ಕೆ ಕಾಲಿಟ್ಟವಳು. ಅವಳನ್ನು ಕರೆದುಕೊಂಡು ಒಂದು ಇಡೀ ಬೆಳಗನ್ನು ಈ ಚರ್ಚಿಗೆಂದೇ ಇಟ್ಟುಕೊಂಡೆ. ಗೇಟಿನ ಬಳಿಯೇ ಅವಳ ಮೊದಲ ಪ್ರಶ್ನೆ ಬಂತು.

“ತಾತ, ಈ ಚರ್ಚಿಗೆ ಅಡಿಪಾಯ ಹಾಕಿದ್ದು ನಮ್ಮ ಮಹಾರಾಜರು ಅಂತೀರಿ. ಅವರು ಚಾಮುಂಡೇಶ್ವರಿ ಭಕ್ತರಲ್ವಾ? ಮತ್ತೆ ಚರ್ಚಿಗೆ ಯಾಕೆ?”

ಮಕ್ಕಳೇ, ಈ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಕೊಟ್ಟುಬಿಡಬಹುದಿತ್ತು. ಆದರೆ ಆ ಕಟ್ಟಡವನ್ನು ಸುತ್ತು ಹಾಕುತ್ತಾ ಹೋದರೆ ಉತ್ತರ ತಾನಾಗಿಯೇ ಸಿಗುತ್ತದೆ. ನೀವೂ ನಮ್ಮ ಜೊತೆ ಬನ್ನಿ.

ಗೋಪುರದ ಲೆಕ್ಕ

ಮೊದಲು ರಸ್ತೆಯ ಈಚೆ ಬದಿಯಿಂದಲೇ ತಲೆ ಎತ್ತಿ ನೋಡಿ. ಎರಡು ಗೋಪುರಗಳು ಅಕ್ಕಪಕ್ಕ ನಿಂತಿವೆ. ಒಂದೊಂದರ ಎತ್ತರ 175 ಅಡಿ. ನಮ್ಮ ದೊಡ್ಡ ಗಡಿಯಾರ ಗೊತ್ತಲ್ಲ? ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ್ದು. ಅದರ ಎತ್ತರ 75 ಅಡಿ. ಅಂದರೆ ದೊಡ್ಡ ಗಡಿಯಾರದ ತಲೆಯ ಮೇಲೆ ಇನ್ನೂ ನೂರು ಅಡಿ ಏರಿಸಿದರೆ ಚರ್ಚಿನ ಗೋಪುರದ ತುದಿ ಮುಟ್ಟಬಹುದು. ಚಾಮುಂಡಿ ಬೆಟ್ಟದ ಮೇಲಿಂದ ಮೈಸೂರನ್ನು ನೋಡುವಾಗ ಅರಮನೆಯ ಆಚೆ ಎರಡು ಪೆನ್ಸಿಲು ನಿಲ್ಲಿಸಿದಂತೆ ಕಾಣುವುದು ಇವೇ.

ಈ ರೂಪ ಬಂದದ್ದು ಜರ್ಮನಿಯ ಕಲೋನ್ ಎಂಬ ಊರಿನ ದೊಡ್ಡ ಚರ್ಚಿನಿಂದ. ನಕ್ಷೆ ಬರೆದವರು ಡೇಲಿ ಎಂಬ ಫ್ರೆಂಚ್ ವಾಸ್ತುಶಿಲ್ಪಿ. ಕಲೋನಿನ ಗೋಪುರಗಳ ಎತ್ತರ 157 ಮೀಟರ್, ನಮ್ಮದು 53 ಮೀಟರ್. ಭಾಗಿಸಿ ನೋಡಿದರೆ ಸರಿಸುಮಾರು ಮೂರನೆಯ ಒಂದು ಭಾಗ.

“ಹಾಗಾದ್ರೆ ನಮ್ಮದು ಚಿಕ್ಕದು” ಎಂದು ಮೊಮ್ಮಗಳು ಮುಖ ಸಣ್ಣ ಮಾಡಿದಳು.

ಎತ್ತರದ ಲೆಕ್ಕ ಹಾಗೆ. ಕಾಲದ ಲೆಕ್ಕ ಬೇರೆಯೇ ಇದೆ. ಕಲೋನಿನ ಚರ್ಚು ಶುರುವಾದದ್ದು 1248ರಲ್ಲಿ, ಮುಗಿದದ್ದು 1880ರಲ್ಲಿ. ಕಳೆದು ನೋಡಿ, 632 ವರ್ಷ! ನಡುವೆ ದುಡ್ಡೂ ಇಲ್ಲ, ಉತ್ಸಾಹವೂ ಇಲ್ಲ ಎಂದು ಕೆಲಸ ನಿಂತೇಹೋಯಿತು. ಕಲ್ಲು ಮೇಲೆತ್ತುವ ಮರದ ಯಂತ್ರವೊಂದು ಅರ್ಧ ಕಟ್ಟಿದ ಗೋಪುರದ ಮೇಲೆ ಮುನ್ನೂರಕ್ಕೂ ಹೆಚ್ಚು ವರ್ಷ ಹಾಗೇ ನಿಂತಿತ್ತು. ಅಜ್ಜ ನೋಡಿದ ಯಂತ್ರವನ್ನೇ ಮೊಮ್ಮಗ ನೋಡಿದ, ಅವನ ಮೊಮ್ಮಗನೂ ನೋಡಿದ. ಕೊನೆಗೆ 1842ರಲ್ಲಿ ಪ್ರಷ್ಯಾದ ದೊರೆ ಹೊಸದಾಗಿ ಕಲ್ಲಿಟ್ಟು ಕೆಲಸಕ್ಕೆ ಮತ್ತೆ ಚಾಲನೆ ಕೊಟ್ಟ.

1842 ಎಂಬ ಇಸವಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅದರ ಮರುವರ್ಷವೇ ನಮ್ಮ ಮೈಸೂರಿನ ಕಥೆ ಶುರುವಾಗುತ್ತದೆ.

ಇದಕ್ಕೂ ಮುಂಚಿನ ಚರ್ಚು

ಈಗ ನೋಡುತ್ತಿರುವ ಕಟ್ಟಡಕ್ಕೂ ಮೊದಲು ಇದೇ ಜಾಗದಲ್ಲಿ ಇನ್ನೊಂದು ಚಿಕ್ಕ ಚರ್ಚಿತ್ತು. ಅದನ್ನು 1843ರಲ್ಲಿ ಕಟ್ಟಿಸಿಕೊಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಐದು ವರ್ಷದ ಮಗುವಾಗಿದ್ದಾಗ ಪಟ್ಟಕ್ಕೆ ಬಂದ ದೊರೆ. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡಿದ್ದರು. ಅಧಿಕಾರ ಹೋಗಿತ್ತು, ಕೊಡುವ ಗುಣ ಹೋಗಿರಲಿಲ್ಲ.

ಆ ಹಳೆಯ ಚರ್ಚಿನ ಕಲ್ಲಿನ ಬರಹವನ್ನು ಈಗಲೂ ಜೋಪಾನವಾಗಿ ಇಟ್ಟಿದ್ದಾರೆ. ಅದರ ತಾತ್ಪರ್ಯ ಹೀಗಿದೆ: ಸಕಲ ಲೋಕಗಳನ್ನೂ ಜೀವರಾಶಿಯನ್ನೂ ಸೃಷ್ಟಿಸಿ, ಕಾಪಾಡಿ, ಆಳುವ ಒಬ್ಬನೇ ದೇವರ ಹೆಸರಿನಲ್ಲಿ, ಯೇಸುಕ್ರಿಸ್ತ ಮನುಷ್ಯನಾಗಿ ಬಂದ 1843 ವರ್ಷಗಳ ನಂತರ ಈ ದೇವಾಲಯವನ್ನು ಕಟ್ಟಲಾಗಿದೆ. ಮೊಮ್ಮಗಳಿಗೆ ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಯೋಚಿಸಿ, “ಇದರಲ್ಲಿ ನಿಮ್ಮ ದೇವರು, ನಮ್ಮ ದೇವರು ಅಂತ ಎಲ್ಲೂ ಬರಲೇ ಇಲ್ಲ” ಎಂದಳು. ಅವಳ ಪ್ರಶ್ನೆಗೆ ಸಿಕ್ಕ ಮೊದಲ ತುಂಡು ಉತ್ತರ ಅದು.

ಮೈಸೂರು ಸೀಮೆಗೆ ಕ್ರೈಸ್ತ ಪಾದ್ರಿಗಳು ಬಂದದ್ದು ಅದಕ್ಕೂ ಬಹಳ ಹಿಂದೆ. 1640ರ ದಶಕದ ಕೊನೆಯಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದರು. ಕನ್ನಡ ಕಲಿತರು. ಕಲಿತದ್ದಷ್ಟೇ ಅಲ್ಲ, ಕನ್ನಡಕ್ಕೆ ವ್ಯಾಕರಣವನ್ನೂ ಬರೆದರು. 1799ರ ನಂತರ ಬಂದವರು ಫ್ರಾನ್ಸಿನ ಅಬ್ಬೆ ದ್ಯುಬುವಾ. ನಮ್ಮವರಂತೆಯೇ ಉಡುಪು, ನಮ್ಮವರಂತೆಯೇ ಊಟ. ಜನ ಅವರನ್ನು ‘ದೊಡ್ಡಸ್ವಾಮಿ’ ಎಂದೇ ಕರೆಯುತ್ತಿದ್ದರು.

ಈ ದೊಡ್ಡಸ್ವಾಮಿಯ ಒಂದು ಕೆಲಸವನ್ನು ಹೇಳಲೇಬೇಕು. ಆಗ ಸಿಡುಬು ಎಂದರೆ ಊರಿಗೆ ಊರೇ ನಡುಗುತ್ತಿತ್ತು. ಸಿಡುಬಿಗೆ ದಾಕು ಹಾಕುವ ವಿದ್ಯೆಯನ್ನು ಇಂಗ್ಲೆಂಡಿನ ಜೆನ್ನರ್ ಕಂಡುಹಿಡಿದು ಇನ್ನೂ ಹತ್ತು ವರ್ಷವೂ ಆಗಿರಲಿಲ್ಲ. ಅಷ್ಟರಲ್ಲೇ ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ದಾಕು ಹಾಕಿಸಿದ ಲೆಕ್ಕ ದ್ಯುಬುವಾ ಅವರದು. ನಿಮ್ಮ ಮನೆಯ ಅಜ್ಜಿ ತಾತಂದಿರ ತೋಳು ನೋಡಿ. ದುಂಡಗಿನ ಕಲೆ ಕಾಣುತ್ತದೆ. ಅದು ದಾಕಿನ ಗುರುತು. ನನ್ನ ತೋಳಿನಲ್ಲೂ ಇದೆ. ಮೊಮ್ಮಗಳ ತೋಳಿನಲ್ಲಿ ಇಲ್ಲ, ಏಕೆಂದರೆ ಅವಳ ಕಾಲಕ್ಕೆ ಸಿಡುಬೇ ಇಲ್ಲವಾಯಿತು. ಬೇರೆ ದೇಶದ ಒಬ್ಬ ಪಾದ್ರಿ ಇಲ್ಲಿಯ ಮಕ್ಕಳ ಜೀವ ಉಳಿಯಲೆಂದು ಓಡಾಡಿದರು. ಇಲ್ಲಿಯ ದೊರೆ ಅವರ ಜನಕ್ಕೆಂದು ಪ್ರಾರ್ಥನೆಯ ಮನೆ ಕಟ್ಟಿಸಿದರು. ಒಂದಕ್ಕೆ ಪ್ರತಿಯಾಗಿ ಇನ್ನೊಂದು ಎಂದು ನಾನು ಹೇಳುತ್ತಿಲ್ಲ. ಎರಡೂ ಒಂದೇ ಊರಿನ ಒಂದೇ ಪುಸ್ತಕದಲ್ಲಿ ಬರೆದ ಬಾಬುಗಳು ಎನ್ನುತ್ತೇನೆ, ಅಷ್ಟೇ.

ಮೂರು ಹೆಂಚಿನ ಒಗಟು

“ಫಿಲೋಮಿನಾ ಅಂದ್ರೆ ಯಾರು ತಾತ?”

ಮಕ್ಕಳೇ, ಇಲ್ಲಿ ಒಂದು ಒಗಟಿದೆ. ಕಾಗದ ಪೆನ್ಸಿಲು ತೆಗೆದುಕೊಳ್ಳಿ.

ಇಟಲಿಯ ರೋಮ್ ನಗರದ ಅಡಿಯಲ್ಲಿ ಉದ್ದುದ್ದ ಸುರಂಗಗಳಿವೆ. ಹಿಂದಿನ ಕಾಲದ ಕ್ರೈಸ್ತರು ತಮ್ಮವರನ್ನು ಅಲ್ಲಿ ಸಮಾಧಿ ಮಾಡುತ್ತಿದ್ದರು. 1802ರ ಮೇ ತಿಂಗಳಲ್ಲಿ ಅಂಥ ಒಂದು ಸುರಂಗದಲ್ಲಿ ಅಗೆಯುವಾಗ ಒಂದು ಗೂಡು ಸಿಕ್ಕಿತು. ಅದರ ಬಾಯಿಯನ್ನು ಸುಟ್ಟ ಮಣ್ಣಿನ ಮೂರು ಹೆಂಚುಗಳಿಂದ ಮುಚ್ಚಿದ್ದರು. ಒಳಗೆ ಸುಮಾರು 13 ವರ್ಷದ ಹುಡುಗಿಯದೆಂದು ಹೇಳಲಾದ ಮೂಳೆಗಳು. ಹೆಂಚುಗಳ ಮೇಲೆ ಲಂಗರು, ಬಾಣ, ತಾಳೆಗರಿಯ ಚಿತ್ರಗಳು, ಜೊತೆಗೆ ಲ್ಯಾಟಿನ್ ಅಕ್ಷರಗಳು. ಎಡದಿಂದ ಬಲಕ್ಕೆ ಓದಿದರೆ ಹೀಗಿತ್ತು:

ಲುಮೆನಾ — ಪಾಕ್ಸ್ ತೆ — ಕುಮ್ ಫಿ

ಯಾವ ಪಂಡಿತ ಓದಿದರೂ ಇದಕ್ಕೆ ಅರ್ಥವಿಲ್ಲ. ಈಗ ಮೂರು ಚೀಟಿಗಳ ಮೇಲೆ ಬೇರೆ ಬೇರೆಯಾಗಿ ಬರೆದುಕೊಂಡು ಜರುಗಿಸಿ ನೋಡಿ. ನಮ್ಮ ಮೊಮ್ಮಗಳು ಚರ್ಚಿನ ಅಂಗಳದ ಕಲ್ಲು ಬೆಂಚಿನ ಮೇಲೆ ನನ್ನ ಹಳೆಯ ಬಸ್ ಟಿಕೆಟುಗಳ ಹಿಂಬದಿಯಲ್ಲಿ ಬರೆದು ಜೋಡಿಸಿದಳು. ಎರಡು ನಿಮಿಷವೂ ಆಗಲಿಲ್ಲ. ಮೊದಲ ಚೀಟಿಯನ್ನು ಎತ್ತಿ ಕೊನೆಗಿಟ್ಟಳು:

ಪಾಕ್ಸ್ ತೆ — ಕುಮ್ ಫಿ — ಲುಮೆನಾ

‘ಪಾಕ್ಸ್ ತೆಕುಮ್, ಫಿಲುಮೆನಾ.’ ‘ಫಿಲುಮೆನಾ, ನಿನಗೆ ಶಾಂತಿ ಇರಲಿ’ ಎಂದು ಅರ್ಥ. ಹೆಂಚು ಇಟ್ಟವರು ಅವಸರದಲ್ಲಿ ಕ್ರಮ ತಪ್ಪಿಸಿದ್ದರು ಎಂದು ಆಗಿನವರು ತೀರ್ಮಾನಿಸಿದರು. ಮೂರು ಹೆಂಚು ಜರುಗಿಸಿದ್ದಕ್ಕೆ ಒಂದು ಹೆಸರು ಹುಟ್ಟಿತು.

1805ರಲ್ಲಿ ಆ ಅವಶೇಷಗಳನ್ನು ನೇಪಲ್ಸ್ ಬಳಿಯ ಮುನ್ಯಾನೊ ಎಂಬ ಸಣ್ಣ ಊರಿಗೆ ಒಯ್ದರು. ಅಲ್ಲಿಂದ ಫಿಲೋಮಿನಾಳ ಭಕ್ತಿ ಫ್ರಾನ್ಸಿಗೆ ಹಬ್ಬಿತು. ಆರ್ಸ್ ಎಂಬ ಹಳ್ಳಿಯ ಪಾದ್ರಿ ಜಾನ್ ವಿಯಾನಿ, ಮುಂದೆ ತಾವೇ ಸಂತರೆನಿಸಿಕೊಂಡವರು, ತಮ್ಮ ಬಳಿ ಬಂದವರಿಗೆಲ್ಲ ಈ ಬಾಲಸಂತಳ ಹೆಸರು ಹೇಳಿ ಕಳಿಸುತ್ತಿದ್ದರು. ಮೈಸೂರು ಸೀಮೆಯಲ್ಲಿ ಚರ್ಚಿನ ಕೆಲಸ ನೋಡಿಕೊಳ್ಳುತ್ತಿದ್ದವರು ಪ್ಯಾರಿಸ್ಸಿನಿಂದ ಬಂದ ಫ್ರೆಂಚ್ ಪಾದ್ರಿಗಳು. ಹೀಗೆ ರೋಮಿನ ಸುರಂಗದ ಹೆಸರು ಫ್ರಾನ್ಸಿನ ಹಳ್ಳಿ ದಾಟಿ ನಮ್ಮ ಅಶೋಕ ರಸ್ತೆಗೆ ಬರುವ ದಾರಿ ತೆರೆಯಿತು.

ಹಿರಿಯ ಓದುಗರಿಗೆ ಇನ್ನೊಂದು ಮಾತನ್ನೂ ಹೇಳಬೇಕು. ಆ ಹೆಂಚುಗಳು ಬೇರೊಂದು ಸಮಾಧಿಯಿಂದ ತೆಗೆದು ಮತ್ತೆ ಬಳಸಿದವು, ಮೂಳೆಗೂ ಹೆಸರಿಗೂ ಸಂಬಂಧವಿರಲಾರದು ಎಂದು ಮುಂದೆ ವಿದ್ವಾಂಸರು ವಾದಿಸಿದರು. 1961ರಲ್ಲಿ ರೋಮಿನವರು ತಮ್ಮ ಹಬ್ಬಗಳ ಪಟ್ಟಿಯಿಂದ ಫಿಲೋಮಿನಾಳ ಹೆಸರನ್ನು ತೆಗೆದರು. ಈ ಚರ್ಚಿನ ಪೂರ್ಣ ಹೆಸರಿನಲ್ಲಿ ಸಂತ ಜೋಸೆಫರೂ ಇದ್ದಾರೆ. ಆದರೆ ಮೈಸೂರಿನ ಆಟೋದವರಿಗೆ, ಹೂವಿನವರಿಗೆ, ಬಸ್ಸಿನ ಕಂಡಕ್ಟರುಗಳಿಗೆ ಅದು ಇಂದಿಗೂ ಫಿಲೋಮಿನಾ ಚರ್ಚು. ಜನರ ಬಾಯಿಯ ಪಟ್ಟಿಯಿಂದ ಒಂದು ಹೆಸರು ತೆಗೆಯುವುದು ಅಷ್ಟು ಸುಲಭವಲ್ಲ.

ಎರಡು ಅಡಿಪಾಯ

ಈಗ ನಮ್ಮ ಊರಿಗೆ ಬರೋಣ. 1926ರಲ್ಲಿ ಮಹಾರಾಜರ ಕಾರ್ಯದರ್ಶಿಯಾಗಿದ್ದ ಟಿ. ತಂಬೂ ಚೆಟ್ಟಿಯವರು, ಪೋಪರ ಪ್ರತಿನಿಧಿಯಾಗಿ ಇಲ್ಲಿದ್ದ ಪೀಟರ್ ಪಿಸಾನಿಯವರಿಂದ ಫಿಲೋಮಿನಾಳ ಅವಶೇಷದ ಒಂದು ತುಣುಕನ್ನು ಪಡೆದರು. ಅದನ್ನು ಫಾದರ್ ಕೊಷೆ ಅವರಿಗೆ ಒಪ್ಪಿಸಿದರು. ಅದಕ್ಕೆ ತಕ್ಕ ಒಂದು ದೇವಾಲಯ ಬೇಕೆಂದು ಫಾದರ್ ಕೊಷೆ ಹೋಗಿ ಕೇಳಿಕೊಂಡದ್ದು ಯಾರನ್ನು? ನಾಲ್ವಡಿ ಕೃಷ್ಣರಾಜ ಒಡೆಯರನ್ನು. ಕನ್ನಂಬಾಡಿ ಕಟ್ಟೆ ಕಟ್ಟಿಸಿದ ದೊರೆ. ದಿನವೂ ದೇವರ ಪೂಜೆ ಬಿಡದ ದೊರೆ.

1933ರ ಅಕ್ಟೋಬರ್ 28ರಂದು ಅವರೇ ಬಂದು ಅಡಿಗಲ್ಲಿಟ್ಟರು. ಆ ದಿನ ಅವರು ಆಡಿದ ಮಾತಿನ ಸಾರ ನನ್ನಂಥ ಲೆಕ್ಕದವನಿಗೆ ಬಹಳ ಹಿಡಿಸಿತು. ಈ ಚರ್ಚು ಎರಡು ಅಡಿಪಾಯಗಳ ಮೇಲೆ ಭದ್ರವಾಗಿ ನಿಲ್ಲುತ್ತದೆ ಎಂದರಂತೆ. ಒಂದು ದೇವರ ಕರುಣೆ, ಇನ್ನೊಂದು ಜನರ ಕೃತಜ್ಞತೆ.

ಬಿ.ಕಾಂ. ಓದಿದವರಿಗೆ ಮೊದಲ ದಿನವೇ ಕಲಿಸುವ ಪಾಠ ಇದು. ಪ್ರತಿಯೊಂದು ವ್ಯವಹಾರಕ್ಕೂ ಎರಡು ಕಡೆ ನಮೂದು. ಒಬ್ಬ ಕೊಟ್ಟ ಎಂದರೆ ಇನ್ನೊಬ್ಬ ಪಡೆದ. ಬರೀ ಕೊಟ್ಟದ್ದನ್ನು ಬರೆದು, ಪಡೆದದ್ದನ್ನು ಬರೆಯದೆ ಬಿಟ್ಟರೆ ಸಂಜೆ ಲೆಕ್ಕ ತಾಳೆಯಾಗುವುದಿಲ್ಲ, ಗುಮಾಸ್ತ ಮನೆಗೆ ಹೋಗುವಂತಿಲ್ಲ. ಕರುಣೆ ಒಂದು ಕಡೆಯ ನಮೂದು. ಕೃತಜ್ಞತೆ ಇನ್ನೊಂದು ಕಡೆಯದು. ಇದನ್ನು ಮೊಮ್ಮಗಳಿಗೆ ಹೇಳಿದೆ. “ಅಂದ್ರೆ ಥ್ಯಾಂಕ್ಸ್ ಹೇಳದಿದ್ರೆ ಚರ್ಚ್ ಬಿದ್ದುಹೋಗುತ್ತಾ?” ಎಂದಳು. ನಗು ಬಂತು. ಆದರೆ ಆಮೇಲೆ ನಾವು ನೋಡಿದ್ದನ್ನು ನೆನೆದರೆ ಅವಳ ಮಾತು ತಮಾಷೆಯೆಂದು ಬಿಡುವಂಥದ್ದಲ್ಲ. ಅದನ್ನು ಕೊನೆಗೆ ಹೇಳುತ್ತೇನೆ.

ನಾಲ್ವಡಿಯವರು 1940ರ ಆಗಸ್ಟ್ 3ರಂದು ತೀರಿಕೊಂಡರು. ಚರ್ಚಿನ ಕೆಲಸವನ್ನು ಪೂರ್ಣಗೊಳಿಸಿದವರು ಬಿಷಪ್ ರೆನೆ ಫ್ಯೂಗಾ. ಈಗ ಅದು ಸುತ್ತಲಿನ ಕುಟುಂಬಗಳಿಗೆ ಧರ್ಮಕೇಂದ್ರವೂ ಹೌದು, ಇಡೀ ಮೈಸೂರು ಧರ್ಮಕ್ಷೇತ್ರಕ್ಕೆ ಬಿಷಪ್ಪರ ಪೀಠವಿರುವ ಪ್ರಧಾನ ದೇವಾಲಯವೂ ಹೌದು. ಮದುವೆ, ಮಕ್ಕಳ ದೀಕ್ಷಾಸ್ನಾನ, ಭಾನುವಾರದ ಪೂಜೆ ಎಲ್ಲವೂ ಅಲ್ಲೇ ನಡೆಯುತ್ತವೆ. ನಮಗೆ ಪ್ರವಾಸದ ತಾಣವಾದದ್ದು ಅವರಿಗೆ ಊರ ಗುಡಿ ಎಂಬುದು ನೆನಪಿರಲಿ.

ಕೈ ಜೋಡಿಸಿದ ಕಲ್ಲುಗಳು

ಒಳಗೆ ಕಾಲಿಟ್ಟ ಕೂಡಲೇ ಮೊಮ್ಮಗಳ ದನಿ ತಾನಾಗಿಯೇ ತಗ್ಗಿತು. ಯಾರೂ ಹೇಳಿರಲಿಲ್ಲ. ಅಷ್ಟು ಎತ್ತರದ ಚಾವಣಿಯ ಕೆಳಗೆ ನಿಂತರೆ ಹಾಗೇ ಆಗುತ್ತದೆ.

ಮೇಲಿನಿಂದ ಹಕ್ಕಿಯಂತೆ ನೋಡಿದರೆ ಈ ಕಟ್ಟಡ ಒಂದು ಶಿಲುಬೆ. ಉದ್ದನೆಯ ಭಾಗ ಜನ ಕೂರುವ ಹಜಾರ, ಅಲ್ಲಿ 800 ಜನ ಕೂರಬಹುದು. ಎರಡು ತೋಳುಗಳು ಎಡಕ್ಕೂ ಬಲಕ್ಕೂ ಚಾಚಿವೆ. ತಲೆಯ ಕಡೆ ಬಲಿಪೀಠ, ನಮ್ಮ ಗುಡಿಗಳ ಗರ್ಭಗುಡಿ ಇದ್ದ ಹಾಗೆ.

ಕಮಾನುಗಳನ್ನು ಗಮನಿಸಿ. ಅರಮನೆಯ ಕಮಾನಿನ ಹಾಗೆ ಬಳುಕಿಲ್ಲ. ತುದಿ ಚೂಪಾಗಿದೆ. ಏಕೆಂದು ತಿಳಿಯಬೇಕಾದರೆ ಒಂದು ಆಟ ಆಡಿ. ಇಬ್ಬರು ಎದುರುಬದುರು ನಿಂತು, ತೋಳು ಚಾಚಿ, ಅಂಗೈಗೆ ಅಂಗೈ ಒತ್ತಿ ಮುಂದಕ್ಕೆ ವಾಲಿ. ಇಬ್ಬರೂ ಬೀಳುವುದಿಲ್ಲ. ಒಬ್ಬರ ಭಾರವನ್ನು ಇನ್ನೊಬ್ಬರು ಹೊರುತ್ತೀರಿ. ಆದರೆ ನಿಮ್ಮ ಕಾಲುಗಳು ಹಿಂದಕ್ಕೆ ಜಾರುತ್ತವೆ. ಹೆಚ್ಚು ವಾಲಿದಷ್ಟೂ ಹೆಚ್ಚು ಜಾರುತ್ತವೆ. ನೆಟ್ಟಗೆ ನಿಂತಷ್ಟೂ ಜಾರುವುದು ಕಡಿಮೆ. ಚೂಪು ಕಮಾನಿನ ಗುಟ್ಟೂ ಇದೇ. ದುಂಡು ಕಮಾನು ಭಾರವನ್ನು ಪಕ್ಕಕ್ಕೆ ಹೆಚ್ಚು ತಳ್ಳುತ್ತದೆ. ಚೂಪು ಕಮಾನು ನೆಟ್ಟಗೆ ಕೆಳಗೆ, ಕಂಬದ ಮೇಲೆ ಇಳಿಸುತ್ತದೆ. ಹೀಗೆ ಭಾರವನ್ನು ಕಂಬಗಳೇ ಹೊತ್ತರೆ ಗೋಡೆಗೆ ಕೆಲಸ ಕಡಿಮೆ. ಕೆಲಸ ಕಡಿಮೆಯಾದ ಗೋಡೆಯಲ್ಲಿ ದೊಡ್ಡ ದೊಡ್ಡ ಕಿಟಕಿ ಇಡಬಹುದು.

ಆ ಕಿಟಕಿಗಳಲ್ಲೇ ಬಣ್ಣದ ಗಾಜಿನ ಚಿತ್ರಗಳಿವೆ. ಯೇಸುವಿನ ಜನನ, ಯೋಹಾನನಿಂದ ದೀಕ್ಷಾಸ್ನಾನ, ಶಿಷ್ಯರ ಜೊತೆಗಿನ ಕೊನೆಯ ಊಟ, ಶಿಲುಬೆ, ಪುನರುತ್ಥಾನ. ಓದಲು ಬಾರದವರಿಗೂ ಕಥೆ ತಿಳಿಯಲೆಂದು ಯೂರೋಪಿನ ಹಳೆಯ ಚರ್ಚುಗಳು ಹಿಡಿದ ದಾರಿ ಇದು. ನಮ್ಮ ದೇವಸ್ಥಾನದ ಗೋಡೆಗಳ ಮೇಲೆ ರಾಮಾಯಣ ಕೆತ್ತಿಲ್ಲವೇ, ಹಾಗೆ. ಬಿಸಿಲು ಬಂದಾಗ ಕೆಂಪು, ನೀಲಿ, ಹಳದಿ ಬೆಳಕು ನೆಲದ ಮೇಲೆ ಬಿದ್ದಿತ್ತು. ಮೊಮ್ಮಗಳು ಅಂಗೈ ಚಾಚಿ ನೀಲಿ ಬೆಳಕನ್ನು ಹಿಡಿದು ನಿಂತಳು. ಮುಂದಿನ ಬೆಂಚಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ತಿರುಗಿ ನೋಡಿ ನಕ್ಕರು.

ನೆಲದ ಕೆಳಗೆ

ಬಲಿಪೀಠದ ಅಡಿಗೆ ಇಳಿಯುವ ಮೆಟ್ಟಿಲುಗಳಿವೆ. ಇಳಿದರೆ ನೆಲಮಾಳಿಗೆ. ಅಲ್ಲಿ ಮಲಗಿರುವ ಭಂಗಿಯಲ್ಲಿ ಫಿಲೋಮಿನಾಳ ಪ್ರತಿಮೆ ಇದೆ. ಆ ಪವಿತ್ರ ಅವಶೇಷ ಇರುವುದೂ ಇಲ್ಲೇ. ಗೋಡೆಗಳ ಮೇಲೆ ಹೆಸರು ಕೆತ್ತಿದ ಪುಟ್ಟ ಪುಟ್ಟ ಅಮೃತಶಿಲೆಯ ಫಲಕಗಳು. ನನಗೆ ಅವನ್ನು ಒಂದೊಂದಾಗಿ ಓದುವುದೆಂದರೆ ಹಳೆಯ ಲೆಡ್ಜರು ತೆರೆದ ಸಂತೋಷ.

ಇಲ್ಲಿ ನಿಂತಾಗ ಮೊಮ್ಮಗಳಿಗೆ ಅದುವರೆಗೂ ಹೇಳದಿದ್ದ ಒಂದು ಸಂಗತಿ ಹೇಳಿದೆ.

ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿ ಕ್ಯಾಷಿಯರ್ ಒಬ್ಬರಿದ್ದರು. ಈ ಚರ್ಚಿನ ಧರ್ಮಕೇಂದ್ರಕ್ಕೆ ಸೇರಿದ ಕುಟುಂಬ. ಹದಿನಾರು ವರ್ಷ ಪಕ್ಕಪಕ್ಕ ಕೂತು ದುಡಿದೆವು, ಒಂದೇ ಡಬ್ಬಿಯಲ್ಲಿ ಚಿತ್ರಾನ್ನ ತಿಂದೆವು. ಒಂದು ಸಲ ನನ್ನ ಮಗಳಿಗೆ, ಅಂದರೆ ಈ ಮೊಮ್ಮಗಳ ತಾಯಿಗೆ, ವಿಷಮಶೀತ ಜ್ವರ ಬಂತು. ಆಗ ಅವಳಿಗೆ ಏಳು ವರ್ಷ. ಜ್ವರ ಇಳಿಯಲೇ ಇಲ್ಲ. ಮೂರು ವಾರ ಆಸ್ಪತ್ರೆಯಲ್ಲಿದ್ದಳು. ನನ್ನ ಹೆಂಡತಿ ನಂಜನಗೂಡಿನ ನಂಜುಂಡೇಶ್ವರನಿಗೆ ಹರಕೆ ಹೊತ್ತಳು. ಡಾಕ್ಟರು ಮಾತ್ರೆ ಬದಲಾಯಿಸಿದರು. ಮಗು ಉಳಿಯಿತು.

ತಿಂಗಳೊಪ್ಪತ್ತು ಕಳೆದ ಮೇಲೆ ಆ ಸ್ನೇಹಿತರು, “ಮಗಳನ್ನ ಕರ್ಕೊಂಡು ಒಂದ್ಸಲ ನಮ್ಮ ಚರ್ಚಿಗೆ ಬನ್ನಿ ಸಾರ್. ಒಬ್ಬರಿಗೆ ಥ್ಯಾಂಕ್ಸ್ ಹೇಳೋದಿದೆ” ಎಂದರು. ಬಂದಾಗ ತಿಳಿಯಿತು. ಅವರ ಹೆಂಡತಿ ಒಂಬತ್ತು ದಿನ ಬಿಡದೆ ಈ ನೆಲಮಾಳಿಗೆಗೆ ಬಂದು ನಮ್ಮ ಮಗುವಿನ ಹೆಸರಿನಲ್ಲಿ ಪ್ರಾರ್ಥನೆ ಮಾಡಿದ್ದರಂತೆ. ನಮಗೆ ಒಂದು ಮಾತೂ ಹೇಳಿರಲಿಲ್ಲ.

“ಹಾಗಾದ್ರೆ ಅಮ್ಮನಿಗೆ ವಾಸಿ ಮಾಡಿದ್ದು ಯಾರು ತಾತ? ಡಾಕ್ಟರಾ, ನಂಜುಂಡೇಶ್ವರನಾ, ಫಿಲೋಮಿನಾನಾ?”

“ನನ್ನ ಲೆಕ್ಕದಲ್ಲಿ ಮೂವರ ಹೆಸರಿಗೂ ಜಮಾ ಬರೆದಿದ್ದೀನಿ ಕಣಮ್ಮ” ಎಂದೆ.

ಆ ಸ್ನೇಹಿತರು ಈಗಿಲ್ಲ. ಅವರ ಅಂತಿಮ ಪ್ರಾರ್ಥನೆ ನಡೆದದ್ದೂ ಮೇಲಿನ ಹಜಾರದಲ್ಲೇ. ಮೊಮ್ಮಗಳು ನನ್ನನ್ನು ಕೇಳದೆ, ತನ್ನ ಪುಟ್ಟ ಪರ್ಸಿನಿಂದ ಹತ್ತು ರೂಪಾಯಿ ತೆಗೆದು ಮೇಣದಬತ್ತಿ ಕೊಂಡು ಹಚ್ಚಿದಳು. “ಇದು ಆ ಅಂಕಲ್ ಆಂಟಿಗೆ” ಎಂದಳು. ಫಿಲೋಮಿನಾಗೆ ಎನ್ನಲಿಲ್ಲ. ಯಾರಿಗೆ ಸಲ್ಲಬೇಕೋ ಅವರಿಗೆ ಸರಿಯಾಗಿಯೇ ಸಲ್ಲಿಸಿದಳು.

ಥ್ಯಾಂಕ್ಸ್ ಹೇಳದಿದ್ದರೆ

ಚರ್ಚು ಬಿದ್ದುಹೋಗುತ್ತದೆಯೇ ಎಂಬ ಅವಳ ಪ್ರಶ್ನೆಗೆ ಉತ್ತರ ಹೊರಗೆ ಬಂದ ಮೇಲೆ ಸಿಕ್ಕಿತು. ಗೋಪುರಗಳಂಥ ಎತ್ತರದ ಕಟ್ಟಡಕ್ಕೆ ಶತ್ರುಗಳು ಬಹಳ. ಮಳೆನೀರು ಸಂದಿಗೆ ಇಳಿಯುತ್ತದೆ. ಬಿಸಿಲಿಗೆ ಗಾರೆ ಬಿರಿಯುತ್ತದೆ. ಪಾರಿವಾಳದ ಹಿಕ್ಕೆ ಕೂತು ಗಾರೆಯನ್ನು ತಿನ್ನುತ್ತದೆ. ಅದರಲ್ಲಿ ಆಲ, ಅರಳಿ ಬೀಜ ಬಿದ್ದು ಮೊಳೆತರೆ ಬೇರು ಇಳಿಯುತ್ತದೆ. ಕೆಲವು ವರ್ಷಗಳ ಹಿಂದೆ ಈ ಗೋಪುರಗಳಿಗೆ ಸಾರುವೆ ಕಟ್ಟಿ ದುರಸ್ತಿ ಮಾಡಿದ್ದನ್ನು ನಾವು ಮೈಸೂರಿನವರು ನೋಡಿದ್ದೇವೆ. ಅಷ್ಟು ಎತ್ತರದಲ್ಲಿ ನಿಂತು ಬಿರುಕು ಮುಚ್ಚುವ ಕೆಲಸಗಾರರು ಕೆಳಗಿನಿಂದ ಇರುವೆಯಂತೆ ಕಾಣುತ್ತಿದ್ದರು. ದುರಸ್ತಿಗೆ ದುಡ್ಡು ಬೇಕು. ದುಡ್ಡು ಬರಬೇಕಾದರೆ ‘ಇದು ನಮ್ಮ ಊರಿನ ಕಟ್ಟಡ’ ಎನ್ನುವ ಜನ ಬೇಕು. ಯಾರೂ ಹಾಗೆ ಎನ್ನದ ಕಟ್ಟಡದ ಮೇಲೆ ಮೊದಲು ಗಿಡ ಬೆಳೆಯುತ್ತದೆ, ಆಮೇಲೆ ಕಲ್ಲು ಉದುರುತ್ತದೆ. ನಮ್ಮ ಊರುಗಳಲ್ಲಿ ಅಂಥ ಎಷ್ಟು ಗುಡಿ, ಮಂಟಪ, ಕಲ್ಯಾಣಿಗಳನ್ನು ನೋಡಿಲ್ಲ?

ಆದ್ದರಿಂದ ನಾಲ್ವಡಿಯವರು ಹೇಳಿದ ಎರಡನೆಯ ಅಡಿಪಾಯ 1933ರಲ್ಲಿ ಒಂದೇ ಸಲ ಹಾಕಿ ಮುಗಿಸುವಂಥದ್ದಲ್ಲ. ಅದನ್ನು ಪ್ರತಿ ತಲೆಮಾರಿನವರೂ ಹಾಕುತ್ತಿರಬೇಕು. ಮೊಮ್ಮಗಳಿಗೆ ಹೀಗೆ ಹೇಳಿದೆ. “ಹೂಂ, ಕಲೋನಿನ ಯಂತ್ರದ ಥರ ಮಧ್ಯದಲ್ಲಿ ಬಿಟ್ಟುಬಿಡಬಾರದು” ಎಂದಳು.

ಅಜ್ಜ ಅಜ್ಜಿಯರೇ, ಈ ರಜೆಯಲ್ಲಿ ಮೊಮ್ಮಕ್ಕಳನ್ನು ನಿಮ್ಮ ಊರಿನಲ್ಲಿರುವ, ನೀವು ಪೂಜೆಗೆ ಹೋಗದ ಒಂದು ಗುಡಿಗೋ ಚರ್ಚಿಗೋ ಮಸೀದಿಗೋ ಬಸದಿಗೋ ಕರೆದುಕೊಂಡು ಹೋಗಿ. ‘ಇದಕ್ಕೆ ಜಾಗ ಕೊಟ್ಟವರು ಯಾರು, ಕಲ್ಲು ಹೊತ್ತವರು ಯಾರು, ಬಾವಿ ತೋಡಿಸಿದವರು ಯಾರು’ ಎಂದು ವಿಚಾರಿಸಿ. ಕೊಟ್ಟವರ ಪಟ್ಟಿಯಲ್ಲಿ ನೀವು ಎಣಿಸದಿದ್ದ ಹೆಸರು ಸಿಗಬಹುದು.

ಮೈಸೂರಿಗೇ ಬರುವುದಾದರೆ ದಾರಿ ಸುಲಭ. ಅರಮನೆಯ ಕಡೆಯಿಂದ ಉತ್ತರಕ್ಕೆ ಅಶೋಕ ರಸ್ತೆ ಹಿಡಿದರೆ ಸುಮಾರು ಎರಡು ಕಿಲೋಮೀಟರ್. ಟಾಂಗಾ ಸಿಕ್ಕರೆ ಮಕ್ಕಳಿಗೆ ಇನ್ನೂ ಖುಷಿ. ಆಗಸ್ಟ್ 11ರಂದು ಫಿಲೋಮಿನಾಳ ಹಬ್ಬ, ಆಗ ಜನಸಂದಣಿ ಹೆಚ್ಚು. ಪೂಜೆ ನಡೆಯುವಾಗ ಒಳಗೆ ಓಡಾಡಬೇಡಿ, ಮೊಬೈಲನ್ನು ಜೇಬಿನಲ್ಲೇ ಇಡಿ. ಮೂರು ಖಾಲಿ ಚೀಟಿ, ಒಂದು ಪೆನ್ಸಿಲು ಮರೆಯದೆ ತನ್ನಿ. ಬಸ್ಸಿಗೆ ಮುಂಚಿನ ಉಳಿಕೆ ಗಂಟೆಗೆ ಮಾತ್ರ ಇದನ್ನು ಇಟ್ಟುಕೊಳ್ಳಬೇಡಿ. ಬೆಳಿಗ್ಗೆ ತಿಂಡಿ ಮುಗಿಸಿ, ಬಿಸಿಲೇರಿ ಗಾಜಿಗೆ ಬಣ್ಣ ಬಂದ ಹೊತ್ತಿಗೆ ನಿಧಾನವಾಗಿ ಬನ್ನಿ.